ಗಾಯವಿಲ್ಲದ ಕೈಗೆ ಬ್ಯಾಂಡೇಜು

ನಮ್ಮ ಬೀದಿಯ ಆರೋಗ್ಯ ಕೇಂದ್ರದ ನರ್ಸಮ್ಮನದು ಸದಾ ಗಂಟಿಕ್ಕಿದ ಮುಖ. ಸಮಾಧಾನದ ಮಾತು ಆಕೆಯ ಜಾಯಮಾನದಲ್ಲೇ ಇರಲಿಲ್ಲ. ಆದರೆ ಯಾರದಾದರೂ ಮನೆಯಲ್ಲಿ ಸಾವಾಗಿ ಒಂದು ತಿಂಗಳು ಕಳೆಯುತ್ತಲೇ ಉಳಿದವರಿಗೆ ಆಕೆಯ ಫೋನ್ ಬರುತ್ತಿತ್ತು: "ಗುರುವಾರ ಬನ್ನಿ. ಡ್ರೆಸ್ಸಿಂಗ್ ಇದೆ."

ಅವರಿಗೆ ಗಾಯವೇನೂ ಇರುತ್ತಿರಲಿಲ್ಲ. ಕೇಂದ್ರದ ರಿಜಿಸ್ಟರಿನಲ್ಲಿ ದುಃಖಕ್ಕೆ ಕಾಲಂ ಇರಲಿಲ್ಲ, ಡ್ರೆಸ್ಸಿಂಗಿಗೆ ಇಪ್ಪತ್ತು ನಿಮಿಷ ಇತ್ತು, ಅಷ್ಟೆ. ಹೊರಗೆ ಕಾದು ಕೂತವರು ಗೊಣಗದಿರಲೆಂದು ನರ್ಸಮ್ಮ ನಿಜವಾಗಿಯೂ ಬ್ಯಾಂಡೇಜು ಸುತ್ತುತ್ತಿದ್ದಳು. ಸುತ್ತುತ್ತಾ, "ನಿದ್ದೆ ಬರ್ತಿದೆಯಾ? ಊಟ ಸೇರುತ್ತಾ?" ಎಂದು ಕೇಳುತ್ತಿದ್ದಳು. ಹೆಂಡತಿಯನ್ನು ಕಳೆದುಕೊಂಡ ದರ್ಜಿ, "ಕೈ ಬೇಡಮ್ಮ, ಕೆಲಸ ಕೆಡುತ್ತೆ," ಎಂದಾಗ ಕಾಲಿಗೆ ಸುತ್ತಿ ಕಳಿಸಿದಳು. ಅವನ ಮೆಷಿನ್ನು ಕಾಲಲ್ಲಿ ತುಳಿಯುವುದೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ತಪಾಸಣೆಗೆ ಬಂದ ಅಧಿಕಾರಿ ರಿಜಿಸ್ಟರ್ ತಿರುವಿ ನೋಡಿದರು. "ಈ ಊರಲ್ಲಿ ಜನ ಇಷ್ಟೊಂದು ಬೀಳ್ತಾರಾ?"

"ಬೀಳ್ತಾರೆ ಸರ್," ಎಂದಳು ನರ್ಸಮ್ಮ.

ಕಳೆದ ವರ್ಷ ಆಕೆಯ ಗಂಡ ತೀರಿಕೊಂಡ. ರಜೆ ಮುಗಿಸಿ ಬಂದವಳು ಆ ಮಾತನ್ನೇ ಎತ್ತಲಿಲ್ಲ. ತಿಂಗಳು ತುಂಬಿದ ಗುರುವಾರ, ಇಷ್ಟು ವರ್ಷ ಇದನ್ನೆಲ್ಲ ನೋಡಿಕೊಂಡೇ ನೆಲ ಒರೆಸುತ್ತಿದ್ದ ಆಯಾ ಬಾಗಿಲು ಮುಂದೆ ಮಾಡಿ, ಬ್ಯಾಂಡೇಜಿನ ಸುರುಳಿ ಹಿಡಿದು ನಿಂತಳು.

"ಕೂತ್ಕೊಳ್ಳಿ ಅಕ್ಕ, ಡ್ರೆಸ್ಸಿಂಗ್ ಇದೆ."

"ನನಗೇನೂ ಆಗಿಲ್ಲ ಕಣೇ."

"ಯಾವ ಕೈ ಹೇಳಿ."

ನರ್ಸಮ್ಮ ಸ್ಟೂಲಿನ ಮೇಲೆ ಕೂತು ಎರಡೂ ಕೈ ಚಾಚಿದಳು.