ರೊಟ್ಟಿ ಹಲಗೆಯ ತಗ್ಗು

ನಮ್ಮ ಮನೆಯ ರೊಟ್ಟಿ ಹಲಗೆಯ ನಡುವೆ ಅಂಗೈಯಗಲದ ತಗ್ಗಿದೆ. ಅದು ಬಡಗಿಯ ಕೆಲಸವಲ್ಲ, ನಮ್ಮತ್ತೆಯ ಅಂಗೈ ವರ್ಷಗಟ್ಟಲೆ ಬಡಿಬಡಿದು ಮೂಡಿಸಿದ್ದು. ಮಂಗೋರ್ ಹಿಲ್‌ನ ಈ ಓಣಿಗೆ ಸೊಸೆಯಾಗಿ ಬಂದಾಗಿನಿಂದ ನಾನು ಬೆಳಗಾದರೆ ಸಮುದ್ರದ ದಂಡೆಗೆ ಮಣಿಸರ ಮಾರಲು ಹೊರಡುವವಳು. ನಾಲ್ಕು ಭಾಷೆಯಲ್ಲಿ ಚೌಕಾಸಿ ಮಾಡಬಲ್ಲೆ, ಆದರೆ ಗೆಳೆಯರೇ, ಒಂದು ರೊಟ್ಟಿ ಬಡಿಯಲು ಬಾರದು. ಮನೆಯಲ್ಲಿ ಅಂಥ ಕೈ ಇರುವಾಗ ನನಗೆ ಕಲಿಯುವ ದರ್ದೇನಿತ್ತು ಹೇಳಿ?

ಹೋದ ಮಳೆಗಾಲದ ಜ್ವರ ಬಿಟ್ಟ ಮೇಲೆ ಅತ್ತೆಯ ಕೈ ನಡುಗತೊಡಗಿತು. ಹಲಗೆಯನ್ನು ಗೋಡೆಗೆ ಒರಗಿಸಿ, ತಾವೂ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಪೇಟೆಯ ರೊಟ್ಟಿಯನ್ನು ಮುಟ್ಟಲಿಲ್ಲ. ಚಹಾದಲ್ಲಿ ಅದ್ದಿದ ಪಾವ್ ಬ್ರೆಡ್ಡಿನ ಎರಡು ತುತ್ತು, ಅಷ್ಟೇ. "ಸಾಕವ್ವಾ, ನನ್ನ ಪಾಳಿ ಮುಗೀತು" ಅನ್ನುವರು. ಎಂಥ ಮೊಂಡು ಗಿರಾಕಿಯನ್ನೂ ತಿರುಗಿಸಿ ಕರೆಯುವ ನನ್ನ ಮಾತು ಆ ಬೆನ್ನಿನೆದುರು ಸೋತಿತು. ಅವರು ದಿನದಿನಕ್ಕೂ ಕರಗುತ್ತಿದ್ದರು.

ಆಗಲೇ ಮಗಳು ಗೌರಿಗೆ ಶಾಲೆಯಲ್ಲಿ ಅಡುಗೆ ಕಲಿಸತೊಡಗಿದ್ದು. ಚಪಾತಿ ಕಲಿತು ಬಂದವಳು, ತನ್ನ ಆಯಿಗೆ, ಅಂದರೆ ಅಜ್ಜಿಗೆ, ರೊಟ್ಟಿ ಮಾಡಿಕೊಡುತ್ತೇನೆಂದು ಕೂತಳು. ಕಲಿಸಿದ ಹಾಗೆಯೇ ಜೋಳದ ಹಿಟ್ಟಿಗೆ ತಣ್ಣೀರು ಸುರಿದು, ಎಣ್ಣೆ ಸವರಿ, ಒದ್ದೆ ಬಟ್ಟೆ ಹೊದಿಸಿ ನೆನೆಯಲು ಬಿಟ್ಟಳು. ಆಮೇಲೆ ಲಟ್ಟಣಿಗೆ ಹಿಡಿದಳು. ಹಿಟ್ಟು ದಿಕ್ಕಿಗೊಂದು ಸೀಳಾಯಿತು.

ಹಾಸಿಗೆಯಿಂದ ದನಿ ಬಂತು: "ಏನ್ ಮಾಡಾಕತ್ತೀ ಹುಚ್ಚಿ? ಎಸರ ಇಟ್ಟಿಲ್ಲೇನು?"

"ಸಾಲ್ಯಾಗ ಹಿಂಗ ಹೇಳ್ಯಾರ, ಆಯಿ."

"ಜ್ವಾಳಕ್ಕೇನ್ ಗೊತ್ತವ್ವಾ ನಿಮ್ಮ ಸಾಲಿ! ಅದಕ್ಕ ಕುದಿಯೋ ನೀರು ಬೇಕು. ಸರಿ ಅತ್ತಾಗ!"

ಅತ್ತೆ ಎದ್ದು ಬಂದು ಕೂತರು. ಎಸರು ಕುದಿಯಿತು, ಹೊಸ ಹಿಟ್ಟು ನಾದಿದ್ದಾಯಿತು. ಮೊಮ್ಮಗಳ ಕೈಮೇಲೆ ತಮ್ಮ ಕೈಯಿಟ್ಟು ಬಡಿಯತೊಡಗಿದರು. ಆ ನಡುಕಕ್ಕೇ ರೊಟ್ಟಿ ಮೆಲ್ಲಗೆ ತಿರುಗಿದಂತೆ ಕಂಡಿತು ನನಗೆ. ಹಂಚಿನಿಂದಿಳಿದ ಸೊಟ್ಟ ರೊಟ್ಟಿಯ ಅಂಚು ಮುರಿದು ಬಾಯಿಗಿಟ್ಟು, ನನ್ನ ಕಡೆ ತಿರುಗಿ, "ನಿಂತು ನೋಡಾಕತ್ತೀಯಲ್ಲ, ಶೇಂಗಾ ಚಟ್ನಿ ಎಲ್ಲೈತಿ?" ಎಂದರು. ಬೈಸಿಕೊಂಡು ಅಷ್ಟು ಹಿಗ್ಗಿದ್ದು ನನಗೆ ನೆನಪಿಲ್ಲ.

ಆದ್ದರಿಂದ ನನ್ನ ಮಾತು ಕೇಳಿ: ಮುಖ ತಿರುಗಿಸಿದ ಹಿರಿಯರಿಗೆ ಉಣ್ಣಿರೆಂದು ಗೋಗರೆಯಬೇಡಿ, ಅವರ ಕಣ್ಣೆದುರು ಅಡುಗೆ ಕೆಡಿಸಿ. ದಂಡೆಯಲ್ಲೂ ಅಷ್ಟೇ, ಸರವನ್ನು ತಿರುಗುಮುರುಗಾಗಿ ಹಿಡಿದರೆ ಸರಿಮಾಡಲು ಗಿರಾಕಿಯೇ ಕೈಚಾಚುತ್ತಾಳೆ.

ಗೌರಿ ಈಗ ಚೆನ್ನಾಗಿಯೇ ಬಡಿಯುತ್ತಾಳೆ, ಬೈಯಲು ಅತ್ತೆಗೆ ಏನೂ ಸಿಗದು. ಹಾಗಾಗಿ ಸಂಜೆ ಹಲಗೆಯ ಮುಂದೆ ಕೂರುವ ಪಾಳಿ ನನ್ನದು. ಪಕ್ಕದಲ್ಲಿ ಎಸರು ಕುದಿಯುತ್ತಿದ್ದರೂ ತಣ್ಣೀರಿನ ತಂಬಿಗೆಗೆ ಕೈಹಾಕಿ, "ಅತ್ತೀ, ಇದನ್ನ ಹಾಕ್ಲೇನ್ರಿ?" ಎನ್ನುತ್ತೇನೆ. ಬೈಯುತ್ತ ಬೈಯುತ್ತ ಅವರು ಹತ್ತಿರ ಸರಿಯುತ್ತಾರೆ. ಹಲಗೆಯ ತಗ್ಗಿನಲ್ಲಿ ನನ್ನ ಅಂಗೈ, ಅದರ ಮೇಲೆ ಅವರದು. ಆ ತಗ್ಗು ನನ್ನ ಕೈಗಿನ್ನೂ ದೊಡ್ಡದೇ. ಇರಲಿ, ಕಲಿಯಲು ನನಗೇನೂ ಅವಸರವಿಲ್ಲ.