ಹಸಿ ಕಸ ವೆಡ್ಸ್ ಒಣ ಕಸ

ಮೊನ್ನೆ ಒಂದು ಸೋಮವಾರ ಬೆಳಿಗ್ಗೆ ಹಾಲಿಗೆಂದು ಹೊರಟವನು ನಮ್ಮ ಶಂಕರಪುರಂ ರಸ್ತೆಯ ತಿರುವಿನಲ್ಲಿ ಸ್ಕೂಟರಿಗೆ ಗಕ್ಕನೆ ಬ್ರೇಕ್ ಹಾಕಿದೆ. ಅಲ್ಲಿನ ಕಾಂಪೌಂಡ್ ಗೋಡೆಯ ಮೇಲೆ ನಾನಿದ್ದೆ!

ಅದೇ ಮಂಕಿ ಕ್ಯಾಪು, ಅದೇ ಚೌಕಳಿ ಲುಂಗಿ, ಅದೇ ಹೊಟ್ಟೆ (ಸ್ವಲ್ಪ ಜಾಸ್ತಿಯೇ ಬರೆದಿದ್ದರು). ಕೈಯಲ್ಲಿ ಗಂಟು ಹಾಕಿದ ಕಪ್ಪು ಕವರು. ನಾನೊಬ್ಬನೇ ಅಲ್ಲ, ಹಿಂದೆ ಮುಂದೆ ರೋಡಿನವರೆಲ್ಲ ಸಾಲಾಗಿ ನಿಂತಿದ್ದರು.

ಅದೊಂದು ಆರತಕ್ಷತೆಯ ಚಿತ್ರ. ಸ್ಟೇಜಿನ ಮೇಲೆ ವಧು-ವರರಾಗಿ ಕೂತಿರುವುದು ಹಾರ ಹಾಕಿಕೊಂಡ ಎರಡು ಕಸದ ಮೂಟೆಗಳು. ಹಿಂದೆ ದಪ್ಪಕ್ಷರದಲ್ಲಿ 'ಹಸಿ ಕಸ ವೆಡ್ಸ್ ಒಣ ಕಸ'. ವಾಲಗ ಊದುವ ಬೀದಿನಾಯಿಗಳು, ಕ್ಯಾಮೆರಾ ಹಿಡಿದ ಕಾಗೆ, ತಾಂಬೂಲ ಹಂಚುವ ಹೆಗ್ಗಣ. ನಾವೆಲ್ಲ ಹಲ್ಲು ಕಿರಿಯುತ್ತಾ ಉಡುಗೊರೆ ಕೊಡಲು ಕಾಯುತ್ತಿದ್ದೇವೆ. ಕೆಳಗೊಂದು ಸಾಲು: 'ಆಶೀರ್ವಾದ ಬೇಡ, ಉಡುಗೊರೆ ತನ್ನಿ'.

ಬರೆದವರು ಆ ಮನೆಯಲ್ಲಿ ಬಾಡಿಗೆಗಿರುವ ಲಲಿತಮ್ಮ. ರಿಟೈರ್ಡ್ ಡ್ರಾಯಿಂಗ್ ಮೇಡಂ. ನಾಲ್ಕು ದಿನ ಟಾರ್ಪಾಲ್ ಕಟ್ಟಿಕೊಂಡಿದ್ದರು, ಕೇಳಿದವರಿಗೆ ಗೋಡೆ ರಿಪೇರಿ ಎಂದಿದ್ದರು. ಅವರ ಅಡುಗೆಮನೆಯ ಕಿಟಕಿ ಆ ಗೋಡೆಯ ಹಿಂದೆಯೇ ಇದೆ. ಗೋಡೆಯ ಬುಡಕ್ಕೆ ನಾವು ಎಸೆದ ಕಸದ ನಾತದಲ್ಲೇ ಅವರ ಅನ್ನ, ಸಾರು ಎಲ್ಲ ಆಗಬೇಕಿತ್ತು.

(ಹೌದು, ನಾನೂ ಎಸೆಯುತ್ತಿದ್ದೆ. ಕಸದ ಗಾಡಿ ಬರುವುದು ಸರಿಯಾಗಿ ನಾನು ಸ್ನಾನಕ್ಕೆ ಹೋದಾಗ. ಸ್ಕೂಟರಿನ ಕೊಕ್ಕೆಗೆ ಕವರು ನೇತುಹಾಕಿಕೊಂಡು, ಸ್ಪೀಡ್ ಕೂಡ ಕಡಿಮೆ ಮಾಡದೆ ಒಗೆಯುವುದರಲ್ಲಿ ನಾನು ಎಕ್ಸ್‌ಪರ್ಟ್.)

ಪಾಪ, ಮೊದಲು ಅವರು ದಂಡದ ಬೋರ್ಡು ಹಾಕಿಸಿ, ಆಮೇಲೆ ದೇವರ ಟೈಲ್ಸ್ ಅಂಟಿಸಿ ನೋಡಿದ್ದರು. ನಾವೇನು ನಾಸ್ತಿಕರೇ? ಭಕ್ತಿಯಿಂದ ಕೈ ಮುಗಿದು, ಎರಡಡಿ ಪಕ್ಕಕ್ಕೆ ಎಸೆದೆವು.

ಚಿತ್ರ ಕಂಡ ದಿನ ಮಾತ್ರ ನನ್ನ ಕವರು ಕೊಕ್ಕೆಯಲ್ಲೇ ಉಳಿದು ಮನೆಗೆ ವಾಪಸ್ ಬಂತು. ಎಲ್ಲರದ್ದೂ ಅದೇ ಕಥೆ ಇರಬೇಕು. ಆರು ದಿನ ಗೋಡೆಯ ಬುಡ ಸ್ವಚ್ಛವಾಗಿತ್ತು.

ಖುಷಿಪಡಬೇಕಲ್ಲವೇ? ಎಲ್ಲಿ! ರೋಡಿಗೆ ರೋಡೇ ಉರಿದುಬಿತ್ತು. ಅಸೋಸಿಯೇಷನ್ ಪ್ರೆಸಿಡೆಂಟ್ ನಂಜುಂಡಪ್ಪನವರು (ಕಾಟನ್‌ಪೇಟೆಯಲ್ಲಿ ಹೋಲ್‌ಸೇಲ್ ಅಂಗಡಿ, ಚಿತ್ರದಲ್ಲಿ ಕಂದು ಸಫಾರಿ) ಭಾನುವಾರ ಗೋಡೆಯ ಮುಂದೆಯೇ ಮೀಟಿಂಗ್ ಕರೆದರು. ಜೊತೆಗೆ ಒಂದು ಬಕೆಟ್ ಸುಣ್ಣವನ್ನೂ ತರಿಸಿದರು. ಮನೆಯ ಓನರ್ ಫೋನಿನಲ್ಲಿ, "ರೋಡಿನವ್ರು ಬೇಡ ಅಂದ್ರೆ ಅಳಿಸ್ಬಿಡಿ" ಎಂದು ಜಾರಿಕೊಂಡಿದ್ದರು. ಚಿತ್ರ ಹೋದರೆ ಮರುದಿನವೇ ಕವರುಗಳು ಬರುತ್ತವೆ ಎಂಬುದು ಲಲಿತಮ್ಮನವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

"ಮೇಡಂ, ಇದು ಅವಮಾನ. ಮರ್ಯಾದಸ್ತರು ಇರೋ ರೋಡು ಇದು," ಎಂದರು ನಂಜುಂಡಪ್ಪ.

ಲಲಿತಮ್ಮ ಕುಂಚ ಹಿಡಿದುಕೊಂಡೇ ಬಂದಿದ್ದರು.

"ಪೂರ್ತಿ ಯಾಕೆ ಸಾರ್ ಅಳಿಸ್ಬೇಕು? ಯಾರಿಗೆ ಅವಮಾನ ಆಗಿದ್ಯೋ ಅವರು ಬಂದು, ಇದು ನಾನೇ ಅಂತ ತೋರಿಸ್ಲಿ. ಅವರೊಬ್ಬರನ್ನ ಈಗ್ಲೇ ಅಳಿಸ್ತೀನಿ."

ನಂಜುಂಡಪ್ಪನವರ ಬೆರಳು ಸಫಾರಿಯ ಕಡೆಗೆ ಅರ್ಧ ಹೋಗಿ, ಹಾಗೇ ಜೇಬಿಗಿಳಿಯಿತು. ಇದು ನಾನೇ ಎಂದರೆ, ಕಸ ಎಸೆದಿದ್ದೂ ನಾನೇ ಎಂದು ಒಪ್ಪಿಕೊಂಡಂತೆ!

ಆಗ ಹಿಂದಿನಿಂದ ನನ್ನ ಹೆಂಡತಿಯ ದನಿ. "ಮೇಡಂ, ಆ ಲುಂಗಿ ನಮ್ಮನೆಯವ್ರೇ. ಅಳಿಸ್ಬೇಡಿ, ಇರ್ಲಿ. ಹೊಟ್ಟೆ ಕರೆಕ್ಟಾಗಿ ಬಂದಿದೆ."

ರೋಡೆಲ್ಲ ಗೊಳ್ಳೆಂದು ನಕ್ಕಿತು. ಇನ್ನು ಮುಚ್ಚಿಡುವುದೇನು? ಕೈ ಎತ್ತಿದೆ. "ಹೌದು ಮೇಡಂ, ನಾನೇ. ತಪ್ಪಾಯ್ತು."

ನಗು ನಿಲ್ಲುವ ಮೊದಲೇ ನಂಜುಂಡಪ್ಪನವರು ಗಂಟಲು ಸರಿಮಾಡಿಕೊಂಡರು. "ಕಲರ್ ರಾಂಗು ಮೇಡಂ. ನಂದು ನೀಲಿ ಸಫಾರಿ. ಬರೆದ್ರೆ ಸರಿಯಾಗಿ ಬರೀರಿ."

ಸುಣ್ಣದ ಬಕೆಟ್ ಬಂದ ದಾರಿಯಲ್ಲೇ ವಾಪಸ್ ಹೋಯಿತು. ನಾನಂತೂ ಶಿಳ್ಳೆ ಹೊಡೆದೆ (ಈ ವಯಸ್ಸಿನಲ್ಲಿ!).

ಯೋಚಿಸಿ. ದಂಡದ ಬೋರ್ಡಿಗೆ ನಾವು ಬಗ್ಗಲಿಲ್ಲ. ದೇವರಿಗೂ ಹೆದರಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆವು, ಅದರಲ್ಲಿ ನಮಗೆ ಒಳ್ಳೆಯ ಪ್ರಾಕ್ಟೀಸ್ ಇದೆ. ಆದರೆ ನಮ್ಮನ್ನು ನೋಡಿ ನಮಗೇ ನಗು ಬಂದರೆ ಯಾರ ಮೇಲೆ ಜಗಳಕ್ಕೆ ಹೋಗುವುದು? ನಾಲ್ಕು ಡಬ್ಬಿ ಬಣ್ಣದ ಒಬ್ಬ ಡ್ರಾಯಿಂಗ್ ಮೇಡಂ ಇಡೀ ರೋಡನ್ನು ಗೆದ್ದುಬಿಟ್ಟರು. ಸೋತಿದ್ದಕ್ಕೆ ನನಗೆ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಈಗ ಬಸವನಗುಡಿ, ಚಾಮರಾಜಪೇಟೆಯವರು ಬಂದು ಆ ಗೋಡೆಯ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾರೆ. ಲಲಿತಮ್ಮನವರ ಕಿಟಕಿ ದಿನವಿಡೀ ತೆರೆದಿರುತ್ತದೆ, ಒಗ್ಗರಣೆಯ ಘಮ ರೋಡಿಗೆ ಬರುತ್ತದೆ. ನಿನ್ನೆ ನೋಡಿದರೆ ಸಾಲಿನ ಕೊನೆಗೆ ಇನ್ನೊಬ್ಬರನ್ನು ಸೇರಿಸಿದ್ದಾರೆ. ಕೈಗೆ ಕವರು ಕೊಟ್ಟಾಗಿದೆ, ಮುಖ ಇನ್ನೂ ಬರೆದಿಲ್ಲ.

ಅಂದಹಾಗೆ, ನಿಮ್ಮ ಮನೆಯ ಕಸ ಇವತ್ತು ಎಲ್ಲಿಗೆ ಹೋಯಿತು?