ಆರ್ಲೀನ್ ಕಾಂಗಸ್ ಹಾಕಿದ ಗುರುತುಗಳು

ಆರ್ಲೀನ್ ಕಾಂಗಸ್ ನಮ್ಮ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಸಹಾಯಕಿಯಾಗಿದ್ದರು. ಕಚೇರಿಯ ಪುಸ್ತಕದಲ್ಲಿ ಹದಿನೆಂಟು ಎಂದಿದೆ. ಮೊದಲ ವರ್ಷ ಅವರದು ಅರ್ಧ ದಿನದ ಕೆಲಸವಾದ್ದರಿಂದ ಕಚೇರಿಯವರು ಅದನ್ನು ಹಿಡಿಯುವುದಿಲ್ಲ, ಆರ್ಲೀನ್ ಹಿಡಿಯುತ್ತಾರೆ. ನಾನು ಅವರು ಹೇಳಿದ್ದನ್ನೇ ಬರೆದಿದ್ದೇನೆ.

ಅದಕ್ಕೆ ಮುಂಚೆ ಅವರು ಬೇಕರಿಯಲ್ಲಿ ಏಲಕ್ಕಿ ಬ್ರೆಡ್ಡಿಗೆ ಹಿಟ್ಟನ್ನು ಜಡೆಯಂತೆ ಹೆಣೆಯುತ್ತಿದ್ದರು. ಊರಿನ ಗಣಿ ಮುಚ್ಚಿ ಎಷ್ಟೋ ವರ್ಷವಾದ ಮೇಲೆ ಬೇಕರಿಯೂ ಮುಚ್ಚಿತು. ಅದೇ ವಾರ ಶಾಲೆಯಲ್ಲಿ ಯಾರೋ ರಜೆ ಹಾಕಿದ್ದಾರೆ, ನಾಲ್ಕು ದಿನ ಬಂದು ಹೋಗಿ ಎಂದು ಕರೆ ಬಂತು. ರಜೆ ಹಾಕಿದವಳು ಮರಳಿ ಬರಲೇ ಇಲ್ಲ. ಮೊದಲ ದಿನವೇ ಒಬ್ಬ ಹುಡುಗ ಆರ್ಲೀನ್‌ರ ಮುಂಗೈ ಕಚ್ಚಿದ್ದ. ಆ ಕಲೆ ತೋರಿಸಿ, "ಎಲ್ಲರಿಗೂ ಕೆಲಸದ ಆರ್ಡರ್ ಕಾಗದದಲ್ಲಿ ಬರುತ್ತೆ, ನಂಗೆ ಇಲ್ಲೇ ಮುದ್ರೆ ಒತ್ತಿಬಿಟ್ರು" ಎನ್ನುತ್ತಿದ್ದರು.

ಅವರ ಕೋಣೆ ನೆಲಮಾಳಿಗೆಯಲ್ಲಿತ್ತು, ಬಾಯ್ಲರಿನ ಪಕ್ಕ. ಉಳಿದ ತರಗತಿಗಳಲ್ಲಿ ಕೂತು ಕಲಿಯಲಾಗದ ಏಳು ಮಕ್ಕಳು ಇಡೀ ದಿನ ಅಲ್ಲೇ ಇರುತ್ತಿದ್ದರು. ಓದು ಕಷ್ಟವೆಂದು ನನ್ನನ್ನು ದಿನಕ್ಕೊಂದು ತಾಸು ಅಲ್ಲಿಗೆ ಕಳಿಸುತ್ತಿದ್ದರು. ಪ್ರೂಯಿಟ್ ಮಿಸ್ ಆ ಕೋಣೆಯ ಟೀಚರು. ಯಾವ ಮಗು ಏನು ಕಲಿಯಬೇಕೆಂದು ಯೋಚಿಸುವುದು ಅವರ ಕೆಲಸ. ಕಲಿಯುವ ಮಗುವಿನ ಪಕ್ಕ ಕೂರುವುದು ಆರ್ಲೀನ್‌ರ ಕೆಲಸ. ಹಿಡಿತ ಸಾಲದ ಮಗುವಿನ ಪೆನ್ಸಿಲಿಗೆ ಅವರು ಸ್ಪಂಜು ಸುತ್ತುತ್ತಿದ್ದರು. ಕುರ್ಚಿ ಎಳೆದ ಸದ್ದಿಗೆ ಕಿವಿ ಮುಚ್ಚಿಕೊಳ್ಳುವವಳಿಗಾಗಿ ಎಲ್ಲ ಕುರ್ಚಿಗಳ ಕಾಲಿಗೂ ಟೆನಿಸ್ ಚೆಂಡು ಸಿಕ್ಕಿಸಿದ್ದರು. ಊಟ ಮಾಡಿಸುವುದು, ಬಟ್ಟೆ ಬದಲಿಸುವುದು, ಒರೆಸುವುದು ಎಲ್ಲ ಅವರದೇ.

ಟೋಬಿನ್ ಹಾರ್ಯು ಆರು ವರ್ಷದವನಿದ್ದಾಗ ಆ ಕೋಣೆಗೆ ಬಂದ. ಮಾತಿಲ್ಲ. ಬಂದವನೇ ಮೇಜಿನ ಕೆಳಗೆ ಹೋಗಿ ಕೂತನಂತೆ. ಆರ್ಲೀನ್ ಎಳೆಯಲಿಲ್ಲ, ಕರೆಯಲಿಲ್ಲ, ತಾವೂ ಮೇಜಿನ ಕೆಳಗೆ ಹೋಗಿ ಕೂತರು. ಹನ್ನೊಂದು ದಿನ ಹಾಗೆಯೇ ನಡೆಯಿತು. ಹನ್ನೆರಡನೆಯ ದಿನ ಅವರು ಎದ್ದು ಕುರ್ಚಿಯಲ್ಲಿ ಕೂತಾಗ ಅವನೂ ಎದ್ದ. ನಾನು ಅವನನ್ನು ಕಾಣುವ ಹೊತ್ತಿಗೆ ಅವನಿಗೆ ಹದಿನಾಲ್ಕು. ಶಾಲೆಯ ಊಟದ ಮನೆಗಾಗಿ ಒಂದು ಚಮಚ, ಒಂದು ಫೋರ್ಕು ಸೇರಿಸಿ ಕಾಗದದ ಕರವಸ್ತ್ರದಲ್ಲಿ ಸುತ್ತಿ ಪಟ್ಟಿ ಅಂಟಿಸುತ್ತಿದ್ದ. ಒಂದು ಬೆಳಿಗ್ಗೆಗೆ ನೂರಿಪ್ಪತ್ತು ಸುರುಳಿ. ಒಂದೂ ಸಡಿಲವಿರುತ್ತಿರಲಿಲ್ಲ.

ಅವನ ಎಡಕ್ಕೆ ಆರ್ಲೀನ್, ತೊಡೆಯ ಮೇಲೆ ಗುರುತಿನ ಹಾಳೆ. ಅದರಲ್ಲಿ ನಾಲ್ಕು ಕಾಲಂ: ಕೈ ಹಿಡಿದು ಮಾಡಿಸಿದ್ದು, ಬೆರಳು ತೋರಿಸಿದ್ದು, ಬಾಯಲ್ಲಿ ಹೇಳಿದ್ದು, ತಾನೇ ಮಾಡಿದ್ದು. ಅವನು ಮಾಡುವ ಪ್ರತಿಯೊಂದಕ್ಕೂ ಯಾವುದಾದರೂ ಒಂದರಲ್ಲಿ ಗೀಟು ಎಳೆಯಬೇಕು. ಕೊನೆಯ ಕಾಲಮಿನಲ್ಲಿ ಹತ್ತಕ್ಕೆ ಎಂಟು ಗೀಟು ಮೂರು ತಿಂಗಳು ನಿಂತರೆ, ಆ ಕೆಲಸಕ್ಕೆ ಸಹಾಯಕಿ ಬೇಡ. ಅದು ನಿಯಮ. ಆ ವರ್ಷ ಟೋಬಿನ್‌ಗೆ ಎಲ್ಲ ಕೆಲಸದಲ್ಲೂ ಒಂಬತ್ತರ ಮೇಲೇ ಬರುತ್ತಿತ್ತು. ಸೆಪ್ಟೆಂಬರಿನಲ್ಲಿ ಅವನು ಮೇಲಿನ ಮಹಡಿಯ ಹೈಸ್ಕೂಲಿಗೆ ಹೋಗುವವನಿದ್ದ. ಆರ್ಲೀನ್ ಅವನ ಜೊತೆ ಹೋಗಬೇಕೇ ಬೇಡವೇ ಎಂಬುದು ಮೇ ತಿಂಗಳ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು.

ಏಪ್ರಿಲಿನ ಒಂದು ಮಧ್ಯಾಹ್ನ ನಾನು ಬಸ್ಸಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದೆ. ಟೋಬಿನ್‌ನ ತಾಯಿ ಗೇಲ್ ವೃದ್ಧಾಶ್ರಮದ ಕೆಲಸದ ಬಟ್ಟೆಯಲ್ಲೇ ಬಂದು ಆರ್ಲೀನ್‌ರನ್ನು ಕಾರಿನ ಹತ್ತಿರ ತಡೆದರು.

"ಆರ್ಲೀನ್, ಸ್ವಲ್ಪ ಕಮ್ಮಿ ಹಾಕೇ."

"ಏನು ಕಮ್ಮಿ?"

"ಗೀಟು. ಹತ್ತಕ್ಕೆ ಒಂಬತ್ತು ಹಾಕ್ತಿದೀಯಂತೆ. ಆರು ಹಾಕು, ಏಳು ಹಾಕು. ನಿನ್ನನ್ನ ತೆಗೆದುಬಿಡ್ತಾರೆ ಕಣೇ."

"ಅವನು ಮಾಡಿದಾನೆ, ಗೇಲ್."

"ಮಾಡಿದಾನೆ ಅಂತ ನಂಗೊತ್ತಿಲ್ವಾ? ಹೆತ್ತೋಳು ನಾನು."

"ಇಷ್ಟು ವರ್ಷ ಅವನ ಹೆಸರಿನ ಮುಂದೆ ಬರೀ ಬರಲ್ಲ, ಆಗಲ್ಲ, ತಿಳಿಯಲ್ಲ. ಈಗ ಮಾಡಿದ್ಮೇಲೂ ಮಾಡಿಲ್ಲ ಅಂತ ಬರೀಲಾ? ಅದು ಅವನ ಜೇಬಿಗೆ ಕೈ ಹಾಕಿದ ಹಾಗೆ."

"ನಿನ್ನ ನಿಯತ್ತಿಗಿಷ್ಟು ಬೆಂಕಿ ಹಾಕ! ಸೆಪ್ಟೆಂಬರಲ್ಲಿ ಅವನೊಬ್ಬನೇ ನಿಂತಿರ್ತಾನಲ್ಲ, ಆಗ ನಿನ್ನ ಹಾಳೆ ತಂದು ಪಕ್ಕಕ್ಕೆ ನಿಲ್ಸು."

ಆರ್ಲೀನ್ ಕಾರು ಹತ್ತಿದರು. ಮರುದಿನವೂ ಒಂಬತ್ತು ಬಂತು. ಒಂಬತ್ತನ್ನೇ ಬರೆದರು.

ನಾನು ನೋಡಿದ್ದನ್ನು ಇಲ್ಲಿ ಹೇಳಬೇಕು. ನನ್ನ ಮೇಜು ಅವರ ಹಿಂದೆ ಇತ್ತು. ಓದಲು ಕೊಟ್ಟದ್ದನ್ನು ಓದಲಾಗದೆ ನಾನು ಅವರಿಬ್ಬರನ್ನೇ ನೋಡುತ್ತಿದ್ದೆ. ಆರ್ಲೀನ್ ತೀರಿಹೋದ ತಮ್ಮ ಗಂಡನ ಹಿಮದ ಬೂಟುಗಳನ್ನು ಮೇ ತಿಂಗಳವರೆಗೂ ಹಾಕುತ್ತಿದ್ದರು. ಟೋಬಿನ್ ಒಂದು ಸುರುಳಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಮೊದಲು ಬಗ್ಗಿ ಎಡಗಡೆ ಕೂತ ಅವರ ಬೂಟಿನ ತುದಿ ನೋಡುತ್ತಿದ್ದ. ನೋಡಿದ ಮೇಲೆಯೇ ಅವನ ಕೈ ಏಳುತ್ತಿತ್ತು. ಪ್ರತಿ ಸುರುಳಿಗೂ ಹಾಗೆಯೇ. ಆರ್ಲೀನ್ ಬಚ್ಚಲಿಗೆ ಹೋದರೆ ಕರವಸ್ತ್ರ ಹಿಡಿದು ಹಾಗೇ ನಿಂತಿರುತ್ತಿದ್ದ. ಅವರು ಬಂದು ಕೂತ ಕೂಡಲೇ ಮತ್ತೆ ಶುರು. ಸಹಾಯಕಿ ಎದ್ದು ಹೋದಾಗ ಹಾಳೆ ತುಂಬಬಾರದೆಂಬ ನಿಯಮವಿದ್ದುದರಿಂದ ಆ ನಿಂತ ಹೊತ್ತು ಎಲ್ಲಿಯೂ ದಾಖಲಾಗಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ದೊಡ್ಡವರಿಗೆ ಗೊತ್ತಿರುತ್ತದೆ ಎಂದುಕೊಂಡೆ. ಅಲ್ಲದೆ, ತಡವರಿಸುವ ನಾನು ಬಾಯಿ ಬಿಟ್ಟರೆ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು.

ಸಭೆಗೆ ಸಹಾಯಕಿಯರನ್ನು ಕರೆಯುವ ಪದ್ಧತಿಯಿಲ್ಲ. ಅವರ ಹಾಳೆ ಒಳಗೆ ಹೋಗುತ್ತದೆ, ಅವರು ಹೊರಗಿರುತ್ತಾರೆ. ಆರ್ಲೀನ್ ಒಂದು ತಾಸು ಜೆರಾಕ್ಸ್ ಯಂತ್ರದ ಹತ್ತಿರ ಚಿತ್ರದ ಕಾರ್ಡು ಕತ್ತರಿಸುತ್ತ ನಿಂತಿದ್ದರು. ಪ್ರೂಯಿಟ್ ಮಿಸ್ ಬಂದು ಅವರನ್ನು ತಬ್ಬಿಕೊಂಡರು. "ತೊಂಬತ್ಮೂರು ಪರ್ಸೆಂಟ್, ಆರ್ಲೀನ್! ನಮ್ಮ ಜಿಲ್ಲೆಯಲ್ಲೇ ಇಷ್ಟು ಯಾರಿಗೂ ಇಲ್ಲ. ಅವನಿಗೆ ಇನ್ನು ಯಾರೂ ಬೇಡ." ಅವರ ಹಿಂದೆಯೇ ಬಂದ ಗೇಲ್ ಯಾರನ್ನೂ ನೋಡದೆ ಹೊರಟುಹೋದರು. ಶುಕ್ರವಾರ ಶಾಲೆಯವರು ಕೇಕ್ ತಂದರು. ಆರ್ಲೀನ್‌ಗೆ ಒಂದು ಪ್ರಶಸ್ತಿಪತ್ರ ಕೊಟ್ಟರು. ನಾನು ಆ ಬೇಸಿಗೆಯಲ್ಲೇ ಶಾಲೆ ಬಿಟ್ಟೆ.

ಸೆಪ್ಟೆಂಬರಿನಲ್ಲಿ ಟೋಬಿನ್‌ನನ್ನು ಮೇಲಿನ ಅಡುಗೆಮನೆಯಲ್ಲಿ ಕರವಸ್ತ್ರಗಳ ಮುಂದೆ ನಿಲ್ಲಿಸಿದರು. ಆರ್ಲೀನ್‌ರನ್ನು ಪುಟ್ಟ ಮಕ್ಕಳ ಊಟದ ಮನೆಯಲ್ಲಿ ಮೇಜು ಒರೆಸಲು ಹಾಕಿದ್ದರು. ಟೋಬಿನ್ ಮೊದಲ ದಿನ ನಲವತ್ತು ನಿಮಿಷ ಹಾಗೇ ನಿಂತನಂತೆ. ಎರಡನೆಯ ದಿನವೂ ಅಷ್ಟೇ. ತೊಂಬತ್ಮೂರು ಪರ್ಸೆಂಟ್ ಬರುವ ಹುಡುಗ ಸುಮ್ಮನೆ ನಿಂತರೆ ಅದಕ್ಕೆ ಹಟ ಎಂದು ಹೆಸರು. ಎಂಟನೆಯ ದಿನ ಅಡುಗೆಯವಳು ಮೊಣಕೈ ಹಿಡಿದು ನೂಕಿದಳು. ಅವನು ಟ್ರೇ ಎಸೆದ. ಉಕ್ಕಿನ ಬಾಗಿಲಿಗೆ ಹಣೆ ಚಚ್ಚಿಕೊಂಡ. ಬಿಡಿಸಲು ಹೋದವರನ್ನು ಕಚ್ಚಿದ. ಅಂಥದೇ ಮೂರು ಸಲ ಆದ ಮೇಲೆ ಅವನನ್ನು ತೊಂಬತ್ತು ಮೈಲಿ ಆಚೆ ಇಂಥ ಮಕ್ಕಳಿಗೆಂದೇ ಇರುವ ಕೇಂದ್ರಕ್ಕೆ ಹಾಕಿದರು. ದಿನವೂ ಹೋಗುವಾಗ ಎರಡು ತಾಸು ಬಸ್ಸು, ಬರುವಾಗ ಎರಡು ತಾಸು, ಸೀಟಿಗೆ ಬೆಲ್ಟು. ಅಲ್ಲಿ ಅವನು ಚಮಚ ಮುಟ್ಟುವುದಿಲ್ಲ.

ಜನವರಿಯಲ್ಲಿ ಆರ್ಲೀನ್ ನಾನು ಪಾತ್ರೆ ತೊಳೆಯುವ, ಪೇಸ್ಟಿ ಎಂಬ ಮಾಂಸದ ಕಡುಬು ಮಾರುವ ಅಂಗಡಿಗೆ ಬಂದರು. ನಾನು ಅವರ ತಟ್ಟೆ ತೆಗೆಯಲು ಹೋದೆ.

"ಏನೇ ಟೆಸ್, ಇನ್ನೂ ಮಾತು ಬಂದಿಲ್ವಾ?" ಎಂದು ನಕ್ಕರು. ಆಮೇಲೆ ಕಿಟಕಿಯ ಕಡೆ ತಿರುಗಿ, "ಅವನು ಮಾಡ್ತಿದ್ದ ಕಣೇ. ನೀನೂ ನೋಡಿದೀಯಲ್ಲ. ನಾನು ಮುಟ್ಟುತ್ಲೇ ಇರ್ಲಿಲ್ಲ" ಎಂದರು.

ನಾನು ಬೂಟಿನ ವಿಷಯ ಹೇಳಿದೆ. ಮೂರು ಸಲ ತಡವರಿಸಿ ಹೇಳಿದೆ.

ಅವರು ಕಿಟಕಿಯಿಂದ ನನ್ನ ಕಡೆ ತಿರುಗಿದರು. "ಪ್ರತಿ ಸಲಾನಾ?"

"ಪ್ರತಿ ಸಲ, ಆರ್ಲೀನ್ ಮಿಸ್."

"ನಂಗ್ಯಾಕೆ ಕಾಣ್ಲಿಲ್ಲ?" ಎಂದವರು ತಾವೇ ಉತ್ತರ ಹೇಳಿದರು. "ಒಂದು ಮುಗೀತು ಅಂದ ತಕ್ಷಣ ನಾನು ಗೀಟು ಎಳೀತಿದ್ದೆ. ಅವನು ನನ್ನ ನೋಡೋವಾಗ ನಾನು ಹಾಳೆ ನೋಡ್ತಿದ್ದೆ."

ಅದನ್ನೆಲ್ಲ ಬರೆದು ಸಹಿ ಹಾಕಿ ಕೊಡು ಎಂದರು. "ಕಾಗುಣಿತ ತಪ್ಪಿದ್ರೂ ಚಿಂತೆ ಇಲ್ಲ. ಇಲ್ಲದ್ದು ಮಾತ್ರ ಬರೀಬೇಡ." ನಾನು ನಾಲ್ಕು ಸಲ ಬರೆದು ಹರಿದೆ. ಎಷ್ಟು ದಿನ ನೋಡಿದೆ ಎಂಬುದು ಖಚಿತವಿರಲಿಲ್ಲ. ಕಡಿಮೆಯೆಂದರೆ ಮೂವತ್ತು ದಿನ ಎಂದು ಬರೆದೆ.

ಜಿಲ್ಲಾ ಕಚೇರಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿಯ ಅಧಿಕಾರಿ ಕಾಗದ ಓದಿ ಹಳೆಯ ಹಾಳೆಗಳನ್ನು ತರಿಸಿದರು.

"ಈ ಸಹಿ ಯಾರದು ಆರ್ಲೀನ್?"

"ನಂದೇ."

"ಹಾಗಾದ್ರೆ ಸುಳ್ಳು ಬರೆದಿದ್ರಾ?"

"ಸುಳ್ಳಲ್ಲ ಸಾರ್. ನೋಡಿದ್ದು ಸಾಲಲಿಲ್ಲ."

"ಬೂಟು ನೋಡೋದಕ್ಕೆ ನಮ್ಮಲ್ಲಿ ಕಾಲಂ ಇಲ್ಲ. ಅದೂ ಅಲ್ದೆ ಇದನ್ನ ಬರೆದಿರೋದು ಓದಕ್ಕೆ ಬಾರದೆ ಶಾಲೆ ಬಿಟ್ಟ ಹುಡುಗಿ. ಬೇಜಾರು ಮಾಡ್ಕೋಬೇಡಮ್ಮ," ಎಂದು ನನ್ನ ಕಡೆ ನೋಡಿ ಹೇಳಿದರು. ಈಗ ಹುಡುಗ ಬೇರೆ ಕೇಂದ್ರದವನು, ಅಲ್ಲಿಯವರು ಅಳೆದದ್ದಷ್ಟೇ ಲೆಕ್ಕ. ಆರ್ಲೀನ್ ಬಸ್ಸಿನಲ್ಲಾದರೂ ಜೊತೆಗೆ ಕೂರುತ್ತೇನೆ, ಸಂಬಳ ಬೇಡ ಎಂದರು. ಅಧಿಕಾರಿ ಇನ್ನೊಂದು ಹಾಳೆ ತಿರುಗಿಸಿ ತೋರಿಸಿದರು. ಬಸ್ ಪ್ರಯಾಣ: ತಾನೇ, ಹತ್ತಕ್ಕೆ ಹತ್ತು. ಅದರ ಕೆಳಗೂ ಅವರದೇ ಸಹಿ.

ಅಲ್ಲಿಂದ ನೇರವಾಗಿ ಗೇಲ್ ಮನೆಗೆ ಹೋದೆವು. ಗೇಲ್ ಬಾಗಿಲನ್ನು ಅರ್ಧ ತೆರೆದು, ನಿಂತಲ್ಲೇ ಕಾಗದ ಓದಿದರು.

"ಇದನ್ನ ಮೇ ತಿಂಗಳಲ್ಲಿ ತರಬೇಕಿತ್ತು."

"ಆಗ ನಂಗೆ ಗೊತ್ತಿರ್ಲಿಲ್ಲ, ಗೇಲ್."

"ನಂಗೆ ಗೊತ್ತಿತ್ತು" ಎಂದೆ ನಾನು.

ಗೇಲ್ ನನ್ನನ್ನು ನೋಡಿದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು.

"ಒಂದ್ಸಲ ಅವನನ್ನ ನೋಡ್ಲಾ?" ಎಂದರು ಆರ್ಲೀನ್.

"ಬೇಡ."

"ಐದು ನಿಮಿಷ ಕಣೇ."

"ನೀನು ಬಂದು ಪಕ್ಕ ಕೂತ್ರೆ ಅವನು ಚಮಚ ಹುಡುಕ್ತಾನೆ. ಐದು ನಿಮಿಷಕ್ಕೆ ನೀನು ಎದ್ದು ಹೋಗ್ತೀಯ. ಆಮೇಲೆ ಅದನ್ನ ಹಿಡ್ಕೊಂಡು ಬೆಳಗಾಗೋವರೆಗೂ ನಿಂತಿರ್ತಾನಲ್ಲ, ಅವನನ್ನ ನಾನೇನು ಮಾಡ್ಲಿ?"

ಆರ್ಲೀನ್ ತಲೆಯಾಡಿಸಿದರು. ಗೇಲ್ ಬಾಗಿಲನ್ನು ಬಹಳ ಮೆಲ್ಲಗೆ ಮುಚ್ಚಿದರು. ಜೋರಾಗಿ ಹಾಕಿದರೆ ಟೋಬಿನ್ ಹೆದರುತ್ತಾನೆ.